ಸಿ2ಸಿ12 ಕೋಶಗಳಲ್ಲಿ ಪಿ38 ಕೈನೇಸ್ (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ತಡೆದರೂ ಬ್ಯಾಂಡ್ ಹಾಗೇ ಇದೆ, ಏನು ಮಾಡಲಿ?

ಇಲಿಯ ಸಿ2ಸಿ12 ಮಯೋಬ್ಲಾಸ್ಟ್‌ಗಳಿಗೆ (ಸ್ನಾಯುವಾಗುವ ಮೊದಲಿನ ಕೋಶ) ಪಿ38 ಇನ್‌ಹಿಬಿಟರ್ ಆದ ಎಸ್‌ಬಿ203580 ಅನ್ನು 10 ಮೈಕ್ರೊಮೋಲಾರ್ ಹಾಕಿದರೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಗುರುತಿಸುವ ಪರೀಕ್ಷೆ) ಫಾಸ್ಫೊ-ಪಿ38, ಅಂದರೆ ಫಾಸ್ಫೇಟ್ ಅಂಟಿದ ಪಿ38, ಕಮ್ಮಿ ಆಗ್ತಿಲ್ಲ. ಇನ್‌ಹಿಬಿಟರ್ ಹಾಕದ ಕಂಟ್ರೋಲ್ ಬಾವಿಯಲ್ಲೂ (ತಟ್ಟೆಯ ಗುಳಿ) ಮಯೋಟ್ಯೂಬ್ (ಕೋಶಗಳು ಬೆಸೆದು ಆಗುವ ಸ್ನಾಯು ನಾಳ) ವಿರಳ. ಇನ್‌ಹಿಬಿಟರ್ ಕೆಟ್ಟಿದೆಯಾ? ಬಲ್ಲವರು ತಿಳಿಸಿ.

ಉತ್ತರ 1
ಈ ಬ್ಯಾಂಡ್ ನೋಡಿ ಹಾಗೆ ತೀರ್ಮಾನಿಸಬೇಡಿ. ಎಸ್‌ಬಿ203580 ಹೋಗಿ ಕೂರುವುದು ಪಿ38ರ ಎಟಿಪಿ ಜಾಗದಲ್ಲಿ. ಪಿ38 ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದು ನಿಲ್ಲುತ್ತದೆ. ಮೇಲಿನ ಕೈನೇಸ್‌ಗಳಾದ ಎಂಕೆಕೆ3, ಎಂಕೆಕೆ6 ಬಂದು ಪಿ38ಕ್ಕೇ ಅಂಟಿಸುವುದು ನಿಲ್ಲುವುದಿಲ್ಲ. ಕೆಲವೊಮ್ಮೆ ಬ್ಯಾಂಡ್ ದಪ್ಪವೂ ಆಗುತ್ತದೆ. ಪಿ38ರ ಕೆಳಗಿನ ಪ್ರೋಟೀನುಗಳಾದ ಫಾಸ್ಫೊ-ಎಂಕೆ2 ಇಲ್ಲವೇ ಫಾಸ್ಫೊ-ಎಚ್‌ಎಸ್‌ಪಿ27 ನೋಡಿ, ಅದು ಇಳಿದಿದ್ದರೆ ಇನ್‌ಹಿಬಿಟರ್ ಕೆಲಸ ಮಾಡುತ್ತಿದೆ. ಬ್ಲಾಕಿಂಗ್‌ಗೆ ಹಾಲಿನ ಪುಡಿ ಬಿಟ್ಟು 5% ಬಿಎಸ್‌ಎ (ದನದ ಸೀರಂ ಆಲ್ಬುಮಿನ್) ಬಳಸಿ. ಹಾಲಿನ ಕೇಸಿನ್ನೇ ಫಾಸ್ಫೊಪ್ರೋಟೀನ್, ಹಿನ್ನೆಲೆ ಕಪ್ಪಾಗುತ್ತದೆ.

ಉತ್ತರ 2
ಮೊದಲು ಕಂಟ್ರೋಲ್ ಸರಿಮಾಡಿಕೊಳ್ಳಿ ಮೇಡಂ, ಅದಿಲ್ಲದೆ ಮಿಕ್ಕದ್ದಕ್ಕೆ ಅರ್ಥವಿಲ್ಲ. ಕೋಶ ಬೆಳೆಸುವಾಗ ತಟ್ಟೆ 70% ತುಂಬುವ ಮೊದಲೇ ಪಾಸೇಜ್ ಮಾಡಿ (ಹೊಸ ತಟ್ಟೆಗಳಿಗೆ ಹಂಚಿ). ಒಂದು ಸಲ ಪೂರ್ತಿ ತುಂಬಲು ಬಿಟ್ಟರೂ ಬೆಸೆಯಬಲ್ಲ ಕೋಶಗಳು ಡಿಫರೆನ್ಶಿಯೇಟ್ ಆಗಿ (ಸ್ನಾಯುವಾಗಿ ಮಾರ್ಪಟ್ಟು) ಕೋಶ ಸಾಲಿನಿಂದ ಕಳೆದುಹೋಗುತ್ತವೆ, ಬೆಸೆಯದ ಸೋಮಾರಿಗಳಷ್ಟೇ ಮುಂದಿನ ತಟ್ಟೆಗೆ ಬರುತ್ತವೆ. ಹಳೇ ಪಾಸೇಜ್ ಆಗಿದ್ದರೆ ಹೊಸ ವಯಲ್ ಕರಗಿಸಿ. ಪ್ರಯೋಗದ ಬಾವಿಯಲ್ಲಿ ಮಾತ್ರ 90–100% ತುಂಬಲಿ, ಆಮೇಲೆ ಸೀರಂರಹಿತ ಡಿಎಂಇಎಂ ಮೀಡಿಯಾದಲ್ಲಿ ತೊಳೆದು 2% ಕುದುರೆ ಸೀರಂಗೆ ಬದಲಿಸಿ. ತೊಳೆಯದೆ ಉಳಿದ ಎಫ್‌ಬಿಎಸ್ (ಬೆಳೆಸುವಾಗಿನ ಕರುವಿನ ಸೀರಂ) ಇಆರ್‌ಕೆ ಎಂಬ ಕೈನೇಸನ್ನು ಚುರುಕಾಗಿಟ್ಟು ಕೋಶಗಳನ್ನು ವಿಭಜನೆಯಲ್ಲೇ ಹಿಡಿದಿಡುತ್ತದೆ. ಸ್ನಾಯುವಾಗತೊಡಗಿದ್ದರ ಗುರುತಾದ ಮಯೋಜೆನಿನ್ 24 ಗಂಟೆ ಹೊತ್ತಿಗೆ ಕಾಣಬೇಕು. ಮಯೋಸಿನ್ ಹೆವಿ ಚೈನ್ (ಬಲಿತ ಸ್ನಾಯುವಿನ ಪ್ರೋಟೀನ್), ಒಳ್ಳೇ ಟ್ಯೂಬ್‌ಗಳಿಗೆ 4–5 ದಿನ ಕಾಯಿರಿ.

ಉತ್ತರ 3
ಯಾವಾಗ ಹಾಕಿದಿರಿ ಅನ್ನುವುದೂ ಮುಖ್ಯ. ಪಿ38ರ ದೊಡ್ಡ ಕೆಲಸ ಆರಂಭದಲ್ಲೇ: ಇ47 ಪ್ರೋಟೀನಿಗೆ ಫಾಸ್ಫೇಟ್ ಹಾಕಿ ಅದು ಸ್ನಾಯು ಜೀನ್‌ಗಳನ್ನು ಎಬ್ಬಿಸುವ ಮಯೋಡಿ ಜೊತೆ ಜೋಡಿಯಾಗಲು ನೆರವಾಗುವುದು, ಅಂಥದೇ ಇನ್ನೊಂದು ಪ್ರೋಟೀನ್ ಎಂಇಎಫ್2ವನ್ನು ಚುರುಕುಗೊಳಿಸುವುದು. ಹಾಗಾಗಿ ಮೀಡಿಯಾ ಬದಲಿಸುವಾಗಲೇ ಸೇರಿಸಿ, ದಿನಾ ಹೊಸದಾಗಿ ಕೊಡಿ. ಮೂರನೇ ದಿನ ಹಾಕಿ ಮಯೋಜೆನಿನ್ ಇಳಿಯಲಿಲ್ಲ ಅಂದರೆ ಆಶ್ಚರ್ಯವಿಲ್ಲ. ಮೀಡಿಯಾ ಬದಲಿಸಿದರೇ ಕೈನೇಸ್‌ಗಳು ಸ್ವಲ್ಪ ಹೊತ್ತು ಏಳುತ್ತವೆ, ಆದ್ದರಿಂದ ಕಂಟ್ರೋಲ್‌ಗೂ ಅದೇ ಗಳಿಗೆಯಲ್ಲಿ ಡಿಎಂಎಸ್‌ಒ (ಇನ್‌ಹಿಬಿಟರ್ ಕರಗಿಸುವ ದ್ರಾವಕ) ಇರುವ ಮೀಡಿಯಾ ಕೊಟ್ಟು, ಅದೇ ಅಂತರಕ್ಕೆ ಲೈಸ್ ಮಾಡಿ (ಕೋಶ ಒಡೆಯಿರಿ).

ಕೇಳಿದವರು
ಸ್ಟಾಕ್ ಹೇಗೆ ಮಾಡಲಿ? ಡೋಸ್ ಹೆಚ್ಚಿಸಬಹುದಾ?

ಉತ್ತರ 1
5 ಮಿ.ಗ್ರಾಂ ಪುಡಿಗೆ 1.325 ಮಿ.ಲೀ. ಡಿಎಂಎಸ್‌ಒ ಹಾಕಿದರೆ 10 ಮಿಲಿಮೋಲಾರ್. ಪ್ರತಿ 2 ಮಿ.ಲೀ. ಮೀಡಿಯಾಕ್ಕೆ 2 ಮೈಕ್ರೊಲೀಟರ್, ಡಿಎಂಎಸ್‌ಒ 0.1%ಕ್ಕೇ ನಿಲ್ಲುತ್ತದೆ. ಚಿಕ್ಕ ಭಾಗಗಳಾಗಿ −20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬಾವಿಯಲ್ಲಿ 10 ಮೈಕ್ರೊಮೋಲಾರ್ ಮೇಲೆ ಹೋಗಬೇಡಿ, ಕೇಸಿನ್ ಕೈನೇಸ್ 1ರಂಥವೂ ಅದಕ್ಕೆ ಸಿಕ್ಕಿಬೀಳುತ್ತವೆ. ಡೋಸ್ ಏರಿಸುವ ಬದಲು ಪಿ38ರ ಆಲ್ಫಾ ರೂಪಕ್ಕೆ ಎಸ್‌ಐಆರ್‌ಎನ್‌ಎ (ಆ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುವ ಚಿಕ್ಕ ಆರ್‌ಎನ್‌ಎ) ಕೊಟ್ಟು ಅದೇ ಫಲಿತಾಂಶ ಬರುತ್ತದಾ ನೋಡಿ.