ಬಾಯ್ಲರ್ ಖರ್ಚು ಇಳಿಸಲು ಟರ್ಬೈನ್ ಹಾಕಿಸಬೇಕಾ?

ಬೈಕಂಪಾಡಿ ಶಿಫ್ಟ್:
ನಮಸ್ಕಾರ. ಬೈಕಂಪಾಡಿಯಲ್ಲಿ ಸಣ್ಣ ಕೆಮಿಕಲ್ ಯೂನಿಟ್ ನಮ್ಮದು. ಗಂಟೆಗೆ 3 ಟನ್ ಸ್ಟೀಮ್ ಕೊಡುವ ಬಾಯ್ಲರ್, ಸೌದೆ ಮತ್ತು ಗೇರು ಸಿಪ್ಪೆಯ ಹಿಂಡಿ ಉರಿಸುತ್ತೇವೆ. 10 ಬಾರ್ ಒತ್ತಡದ ಸ್ಟೀಮನ್ನು ಒತ್ತಡ ಇಳಿಸುವ ವಾಲ್ವ್, ಅಂದರೆ ಪಿಆರ್‌ವಿಯಲ್ಲಿ 3 ಬಾರ್‌ಗೆ ಇಳಿಸಿ, ಕೆಮಿಕಲ್ ಬಿಸಿ ಮಾಡುವ ಪಾತ್ರೆಯ ಸುತ್ತಲಿನ ಕವಚಕ್ಕೆ, ಅಂದರೆ ರಿಯಾಕ್ಟರ್ ಜಾಕೆಟ್‌ಗೆ ಕೊಡುವುದು. ಆ ಪಿಆರ್‌ವಿ ಜಾಗದಲ್ಲಿ ಸಣ್ಣ ಟರ್ಬೈನ್ ಕೂರಿಸಿದರೆ ಕರೆಂಟ್ ಪುಕ್ಕಟೆ ಸಿಗುತ್ತದೆ ಅಂತ ಒಬ್ಬರು ಕೊಟೇಶನ್ ಹಿಡಿದು ಬಂದಿದ್ದಾರೆ. ಧಣಿಗಳಿಗೆ ಆಸೆ ಹುಟ್ಟಿದೆ, ನನಗೆ ಯಾಕೋ ಅನುಮಾನ.

ಪಡುಬಿದ್ರಿ ಭಟ್ರು:
ಪುಕ್ಕಟೆ ಅಂತೂ ಅಲ್ಲ ಮಾರಾಯ್ರೆ. ಟರ್ಬೈನ್ ಎಳೆದುಕೊಂಡ ಶಾಖಕ್ಕೆ ತಕ್ಕಂತೆ ಸೌದೆ ಸ್ವಲ್ಪ ಜಾಸ್ತಿ ಬೇಕು. ಆದರೆ ಲೆಕ್ಕ ಒಳ್ಳೆಯದೇ. ನಮ್ಮ ಎಲ್ಲೂರಿನ 1200 ಮೆಗಾವಾಟ್ ಸ್ಥಾವರದಂಥ ಕಡೆ ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕರೆಂಟ್ ಆಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಕಂಡೆನ್ಸರಿಗೆ (ಸ್ಟೀಮನ್ನು ತಣಿಸಿ ನೀರಾಗಿಸುವ ಯಂತ್ರ) ಹೋಯಿತು. ನಿಮ್ಮಲ್ಲಿ ಕಂಡೆನ್ಸರೇ ಇಲ್ಲ, ಟರ್ಬೈನ್ ಬಿಟ್ಟ ಸ್ಟೀಮ್ ನೇರ ರಿಯಾಕ್ಟರಿಗೆ. ಆದರೆ ಬ್ಯಾಚ್ ಕೆಲಸ ಅಲ್ವಾ? ಬೆಳಿಗ್ಗೆ ಫುಲ್ ಲೋಡ್, ಮಧ್ಯಾಹ್ನ ಅರ್ಧ ಟನ್ ಅಂತಾದರೆ ಟರ್ಬೈನ್ ಸುಮ್ನೆ ಕೂರುತ್ತದೆ.

ಸ್ಟೀಮ್ ಟ್ರ್ಯಾಪ್:
ಟರ್ಬೈನ್ ಆಮೇಲೆ. ಕಂಡೆನ್ಸೇಟನ್ನು (ಸ್ಟೀಮ್ ತಣಿದು ಆದ ಬಿಸಿನೀರು) ಎಂತ ಮಾಡುತ್ತೀರಿ, ಚರಂಡಿಗಾ? ಬಾಯ್ಲರಿಗೆ ಹಾಕುವ ನೀರು (ಫೀಡ್ ವಾಟರ್) 6 ಡಿಗ್ರಿ ಬಿಸಿಯಾದರೆ ಸುಮಾರು 1% ಇಂಧನ ಉಳಿಯುತ್ತದೆ. ನಮ್ಮೂರ ಟ್ಯಾಂಕಿನ ನೀರು 30 ಡಿಗ್ರಿ, ಕಂಡೆನ್ಸೇಟ್ ಸೇರಿಸಿ ಅದನ್ನು 90ಕ್ಕೆ ಏರಿಸಿದರೆ 10% ಕೈಗೆ ಬಂತು. ಅದಕ್ಕೆ ಬೇಕಾದದ್ದು ಒಂದು ಪಂಪು, ಪೈಪು, ಟ್ಯಾಂಕಿಗೆ ಹೊದಿಕೆ, ಅಷ್ಟೇ.
ಇನ್ನೊಂದು, ಈ ಮಳೆ ಮುಗಿದ ಮೇಲೆ ಸ್ಟೀಮ್ ಲೈನಿನ ಅಲ್ಯೂಮಿನಿಯಂ ತಗಡನ್ನು ಕೆಳಗಿನಿಂದ ಒಂದು ಕಡೆ ಬಿಚ್ಚಿ ನೋಡಿ. ಜಾಯಿಂಟ್ ಮೇಲ್ಮುಖ ಇದ್ದರೆ ಒಳಗಿನ, ಶಾಖ ತಡೆಯುವ ಉಣ್ಣೆ ನೀರು ಕುಡಿದು ಜೋತು ಬಿದ್ದಿರುತ್ತದೆ, ಹಿಂಡಿದರೆ ಸುರಿಯುತ್ತದೆ. ಒದ್ದೆ ಉಣ್ಣೆ ಇದ್ದೂ ಪ್ರಯೋಜನ ಇಲ್ಲ, ಅದರಡಿ ಪೈಪು ತುಕ್ಕು ಹಿಡಿಯುವುದು ಬೇರೆ.

ಪಡುಬಿದ್ರಿ ಭಟ್ರು:
ಗೇರು ಸಿಪ್ಪೆ ಅಂದಿರಿ, ಬಾಯ್ಲರ್ ಟ್ಯೂಬಿಗೆ ಮಸಿ ಜೋರಾಗಿ ಹಿಡಿಯುತ್ತದೆ. ಚಿಮಣಿ ಬುಡಕ್ಕೊಂದು ಥರ್ಮಾಮೀಟರ್ ಹಾಕಿ. ಹೊಗೆಯ ಬಿಸಿ 20 ಡಿಗ್ರಿ ಏರಿದರೆ ಹೆಚ್ಚುಕಡಿಮೆ 1% ಇಂಧನ ಹೋಯಿತು ಅಂತಲೇ ಲೆಕ್ಕ.

ಬೈಕಂಪಾಡಿ ಶಿಫ್ಟ್:
ಕಂಡೆನ್ಸೇಟ್ ಪೂರ್ತಿ ಚರಂಡಿಗೇ ಹೋಗುತ್ತಿದೆ. ಜಾಕೆಟ್ ಸೋರಿದರೆ ಆಸಿಡ್ ಬಾಯ್ಲರಿಗೆ ಬರುತ್ತದೆ ಅಂತ ಹಿಂದಿನವರು ಬಿಟ್ಟುಬಿಟ್ಟಿದ್ದರಂತೆ.

ಸ್ಟೀಮ್ ಟ್ರ್ಯಾಪ್:
ಹೆದರಿಕೆ ಸರಿಯೇ. ರಿಟರ್ನ್ ಲೈನಿಗೆ ಕಂಡಕ್ಟಿವಿಟಿ ಮೀಟರ್ (ನೀರಿಗೆ ಆಸಿಡ್ ಬೆರೆತರೆ ತೋರಿಸುವ ಮೀಟರ್) ಹಾಕಿ, ರೀಡಿಂಗ್ ಏರಿದ ಕೂಡಲೇ ನೀರು ತಾನಾಗಿ ಇಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ತಿರುಗುವ ಹಾಗೆ ವಾಲ್ವ್ ಕೊಡಿಸಿ. ಟರ್ಬೈನಿನವರಿಗೆ ಮುಂದಿನ ವರ್ಷ ಬನ್ನಿ ಅನ್ನಿ.