ಪುನುಗು ಬೆಕ್ಕಿನ ಜಿಡ್ಡು ಹತ್ತಿದ ನಾಯಿಗೆ ಅಮೆರಿಕದ ಸ್ಕಂಕ್ ಮದ್ದು ಆದೀತೇ?

ಪ್ರಶ್ನೆ: ಪೆರ್ಲದ ಕೃಷಿಕ

ನಮ್ಮದು ಪೆರ್ಲದ ಸಮೀಪದ ಅಡಿಕೆ ತೋಟದ ಮನೆ. ಇತ್ತೀಚೆಗೆ ಒಂದು ರಾತ್ರಿ ನಮ್ಮ ಊರುನಾಯಿ ತೋಟದ ಕಣಿಯ ಬದಿಯಲ್ಲಿ ಪುನುಗು ಬೆಕ್ಕೊಂದನ್ನು ಅಡ್ಡಗಟ್ಟಿತು. ಬೆಕ್ಕು ತಪ್ಪಿಸಿಕೊಂಡು ಹೋಯಿತು, ಆದರೆ ನಾಯಿಯ ಕುತ್ತಿಗೆಯಿಂದ ಎದೆಯವರೆಗೆ ಹಳದಿ ಬಣ್ಣದ ಅಂಟಾದ ಜಿಡ್ಡು ಹತ್ತಿಕೊಂಡು, ಅದರ ಘಾಟಿಗೆ ಜಗಲಿಯಲ್ಲಿ ಕುಳಿತುಕೊಳ್ಳಲಾಗದ ಸ್ಥಿತಿ ಉಂಟಾಗಿದೆ. ನಾಯಿ ಶಾಂಪೂ ಹಾಕಿ ಮೀಯಿಸಿದರೆ ವಾಸನೆ ಸ್ವಲ್ಪ ತಗ್ಗುತ್ತದೆ. ಮಳೆಗೆ ಮೈ ಒದ್ದೆಯಾದೊಡನೆ ಮತ್ತೆ ಏಳುತ್ತದೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳು, ಅಲ್ಲಿ ನಾಯಿಗಳ ಮೇಲೆ ಸ್ಕಂಕ್ ಎಂಬ ಪ್ರಾಣಿ ದುರ್ವಾಸನೆಯ ದ್ರವ ಸಿಡಿಸಿದಾಗ ಟೊಮೆಟೊ ರಸವನ್ನೋ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಸೋಡ ನೀರನ್ನೋ ಹಚ್ಚಿ ತೊಳೆಯುತ್ತಾರೆಂದು ತಿಳಿಸಿದ್ದಾರೆ. ಅದು ನಮ್ಮಲ್ಲಿಯೂ ಉಪಯೋಗವಾಗುವುದೇ, ನಾಯಿಯ ಚರ್ಮಕ್ಕೆ ಹಾನಿಯಿಲ್ಲವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹೊಸೂರಿನ ರಸಾಯನಶಾಸ್ತ್ರ ಅಧ್ಯಾಪಕ

ಟೊಮೆಟೊ ರಸವನ್ನು ಮೊದಲೇ ಬಿಟ್ಟುಬಿಡಿ. ಸ್ಕಂಕಿನ ವಾಸನೆಗೂ ಅದು ಮದ್ದಲ್ಲ. ಒಂದೇ ನಾತವನ್ನು ಬಹಳ ಹೊತ್ತು ಮೂಸಿದ ಮೂಗು ಅದಕ್ಕೆ ಒಗ್ಗಿಹೋಗಿ ಟೊಮೆಟೊ ವಾಸನೆಯನ್ನಷ್ಟೇ ಗುರುತಿಸುತ್ತದೆ, ಹೊರಗಿನಿಂದ ಬಂದವರಿಗೆ ನಾಯಿ ಮೊದಲಿನಂತೆಯೇ ನಾರುತ್ತದೆ.

ಪೆರಾಕ್ಸೈಡಿನ ಮಾತು ಬೇರೆ. ಸ್ಕಂಕ್ ಸಿಡಿಸುವ ದ್ರವದಲ್ಲಿರುವುದು ಮುಖ್ಯವಾಗಿ ಥಯಾಲ್‌ಗಳೆಂಬ ಗಂಧಕಯುಕ್ತ ಸಂಯುಕ್ತಗಳು. ಪ್ರಯೋಗಾಲಯದಲ್ಲಿ ಹೈಡ್ರೋಜನ್ ಸಲ್ಫೈಡಿನ ನಾತವನ್ನು ಅಡಗಿಸಲು ಕ್ಷಾರೀಯ ಪೆರಾಕ್ಸೈಡನ್ನು ಬಳಸುತ್ತಿದ್ದ ಪಾಲ್ ಕ್ರೆಬಾಮ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ, ಸಹೋದ್ಯೋಗಿಯೊಬ್ಬರ ಬೆಕ್ಕಿಗೆ ಸ್ಕಂಕಿನ ದ್ರವ ಬಿದ್ದಾಗ ಅದನ್ನೇ ಹದಗೊಳಿಸಿ ಕೊಟ್ಟರು. 1993ರಲ್ಲಿ ಅದು ಪ್ರಕಟವಾಯಿತು. ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡ ಕಾಲು ಕಪ್ಪು, ದ್ರವ ಸಾಬೂನು ಒಂದೆರಡು ಚಮಚ, ಇಷ್ಟೇ ಅದರ ಸಾಮಗ್ರಿ. ಸಾಬೂನು ಜಿಡ್ಡನ್ನು ಬಿಡಿಸುತ್ತದೆ, ಸೋಡದ ಕ್ಷಾರದಲ್ಲಿ ಚುರುಕಾದ ಪೆರಾಕ್ಸೈಡ್ ಥಯಾಲ್‌ಗಳನ್ನು ಉತ್ಕರ್ಷಿಸಿ ವಾಸನೆಯಿಲ್ಲದ ವಸ್ತುಗಳನ್ನಾಗಿ ಮಾಡುತ್ತದೆ. ಸ್ಕಂಕಿನ ದ್ರವದಲ್ಲಿ ಥಯೋಅಸಿಟೇಟುಗಳೂ ಇದ್ದು, ಅವು ನೀರು ತಗಲಿದಾಗ ನಿಧಾನವಾಗಿ ಥಯಾಲ್‌ಗಳಾಗಿ ಒಡೆಯುವುದರಿಂದ ಅಲ್ಲಿಯ ನಾಯಿಗಳೂ ಒದ್ದೆಯಾದಾಗ ಮತ್ತೆ ನಾರುತ್ತವೆ.

ನಿಮ್ಮ ನಾಯಿಗೆ ಹತ್ತಿರುವುದು ಆ ಜಾತಿಯ ವಸ್ತುವಲ್ಲ. ಪುನುಗಿನ ವಾಸನೆಗೆ ಮುಖ್ಯ ಕಾರಣ ಸಿವೆಟೋನ್. 17 ಇಂಗಾಲದ ಪರಮಾಣುಗಳು ಬಳೆಯಂತೆ ಕೂಡಿಕೊಂಡಿರುವ ಕೀಟೋನ್ ಬಗೆಯ ಈ ಸಂಯುಕ್ತದ ರಚನೆಯನ್ನು 1926ರಲ್ಲಿ ಕಂಡುಕೊಂಡ ರಸಾಯನ ವಿಜ್ಞಾನಿ ಲಿಯೋಪೋಲ್ಡ್ ರುಜಿಕಾ ಅವರಿಗೆ 1939ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಿರುಪತಿಯಲ್ಲಿ ಸ್ವಾಮಿಗೆ ಲೇಪಿಸುವ ಪುನುಗು ತೈಲವೂ ಇದೇ ಪ್ರಾಣಿಯದು. ಇದರಲ್ಲಿ ಗಂಧಕಕ್ಕೆ ಪ್ರಾಧಾನ್ಯವಿಲ್ಲದ ಕಾರಣ ಪೆರಾಕ್ಸೈಡಿಗೆ ಇಲ್ಲಿ ದೊಡ್ಡ ಕೆಲಸವಿಲ್ಲ. ಇದು ಕೊಬ್ಬಿನಂಥ ಜಿಡ್ಡು, ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಆದ್ದರಿಂದ ನೀರು ತಾಗಿಸುವ ಮೊದಲೇ ಹಳೆಯ ಬಟ್ಟೆಯಿಂದ ಜಿಡ್ಡನ್ನು ಒತ್ತಿ ತೆಗೆಯಬೇಕು, ಉಜ್ಜಿ ಹರಡಬಾರದು. ಅನಂತರ ಆ ಭಾಗಕ್ಕೆ ಮಾತ್ರ ತೆಂಗಿನೆಣ್ಣೆಯನ್ನು ತೆಳುವಾಗಿ ಸವರಿ, ರೋಮದ ಬುಡದವರೆಗೆ ಬೆರಳಾಡಿಸಿ, ಕಡಲೆ ಹಿಟ್ಟು ಉದುರಿಸಿ ಎಣ್ಣೆಯನ್ನು ಹೀರಿಸಿ, ಕೊನೆಗೆ ಶಾಂಪೂ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮೇಲಿನ ರೋಮ ಶುಚಿಯಾದಂತೆ ಕಂಡರೂ ಬುಡದ ನವಿರು ರೋಮದಲ್ಲಿ ಜಿಡ್ಡು ಉಳಿದಿದ್ದರೆ ಮಳೆಗೆ ಮತ್ತೆ ವಾಸನೆ ಬಂದೇ ಬರುತ್ತದೆ. ಅಂಥ ಜಾಗ ಹುಡುಕಿ ಇನ್ನೊಮ್ಮೆ ಹೀಗೆಯೇ ಮಾಡಬೇಕಾಗುತ್ತದೆ.

ಉತ್ತರ: ಅಕ್ಕಲಕೋಟೆಯ ಪಶುವೈದ್ಯ

ವಾಸನೆಗಿಂತ ಮೊದಲು ನೋಡಬೇಕಾದದ್ದು ಗಾಯ. ನಾಯಿ ಪುನುಗು ಬೆಕ್ಕನ್ನು ಅಡ್ಡಗಟ್ಟಿತೆಂದು ಬರೆದಿದ್ದೀರಿ, ಕಾದಾಟ ನಡೆದಿರಬಹುದು. ತುಟಿ, ಮೂತಿ, ಕಿವಿಯ ಹಿಂಭಾಗ, ಮುಂಗಾಲಿನ ಸಂದುಗಳಲ್ಲಿ ರೋಮವನ್ನು ಬಿಡಿಸಿ ಹಗಲು ಬೆಳಕಿನಲ್ಲಿ ನೋಡಿರಿ. ಸಣ್ಣ ಹಲ್ಲಿನ ಗುರುತು ರೋಮದಡಿ ಕಾಣದೆ ಹೋಗಬಹುದು. ಪುನುಗು ಬೆಕ್ಕು, ಮುಂಗುಸಿಗಳಂಥ ಕಾಡುಪ್ರಾಣಿಗಳ ಕಡಿತದಿಂದಲೂ ಹುಚ್ಚುನಾಯಿ ರೋಗ ತಗಲಬಲ್ಲದು. ಅಮೆರಿಕದಲ್ಲಿಯೂ ಆ ರೋಗವನ್ನು ಹರಡುವ ಮುಖ್ಯ ಕಾಡುಪ್ರಾಣಿಗಳಲ್ಲಿ ಸ್ಕಂಕ್ ಒಂದು. ನಾಯಿಗೆ ಪ್ರತಿ ವರ್ಷದ ಲಸಿಕೆ ಆಗಿದ್ದರೂ ಗಾಯ ಕಂಡರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಮತ್ತೆ ಲಸಿಕೆ ಕೊಡಿಸಬೇಕೇ ಎಂದು ಕೇಳಿರಿ. ಮೀಯಿಸುವವರು ಕೈಗವಸು ಹಾಕಿಕೊಳ್ಳಬೇಕು. ನಾಯಿಯ ಜೊಲ್ಲು ನಿಮ್ಮ ಕೈಯ ತರಚು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಇದರಲ್ಲಿ ಉದಾಸೀನ ಸಲ್ಲದು.

ಇನ್ನೊಂದು ಮಾತು. ನಾಯಿಗೂ ಗುದದ್ವಾರದ ಎರಡು ಬದಿಯಲ್ಲಿ ವಾಸನೆಯ ಗ್ರಂಥಿಗಳಿವೆ. ವಿಪರೀತ ಹೆದರಿದಾಗ ಅವು ಒಮ್ಮೆಲೆ ಬರಿದಾಗುವುದುಂಟು. ವಾಸನೆ ಕೊಳೆತ ಮೀನಿನದರಂತಿದ್ದು ಬಾಲದ ಕಡೆಯಿಂದ ಬರುತ್ತಿದ್ದರೆ ಅದು ಪುನುಗಿನದಲ್ಲ, ನಾಯಿಯದೇ. ಆಗ ಕುತ್ತಿಗೆಯನ್ನು ಎಷ್ಟು ತೊಳೆದರೂ ಫಲವಿಲ್ಲ.

ಫಿನಾಯಿಲ್, ಸೀಮೆ ಎಣ್ಣೆ, ಡೆಟ್ಟಾಲ್ ಇವನ್ನು ಖಂಡಿತ ಹಚ್ಚಬೇಡಿ. ನಾಯಿ ಮೈ ನೆಕ್ಕುತ್ತದೆ, ನೆಕ್ಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಪೆರಾಕ್ಸೈಡ್ ಬಳಸಲೇಬೇಕೆಂದರೆ ಬಾಟಲಿಯ ಮೇಲಿನ ಚೀಟಿಯನ್ನು ಓದಿರಿ: ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 20 ವಾಲ್ಯೂಮಿನದು, ಎಂದರೆ ಶೇಕಡ 6ರದ್ದು. ಅದಕ್ಕೆ ಸಮಪ್ರಮಾಣದ ನೀರು ಸೇರಿಸಿದರೆ ಮಾತ್ರ ಅಮೆರಿಕದವರು ಹೇಳುವ ಶೇಕಡ 3 ಆಗುತ್ತದೆ. ಕಣ್ಣು, ಬಾಯಿ ಮತ್ತು ಗಾಯಕ್ಕೆ ತಾಗಬಾರದು. ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಕಪ್ಪು ರೋಮ ಸ್ವಲ್ಪ ಕೆಂಚಾಗಬಹುದು. ಸೋಡ ಬೆರೆಸಿದ ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ; ಒಳಗೆ ಆಮ್ಲಜನಕ ಬಿಡುಗಡೆಯಾಗುತ್ತಲೇ ಇದ್ದು ಬಾಟಲಿ ಸಿಡಿಯುತ್ತದೆ.

ಉತ್ತರ: ಬದಿಯಡ್ಕದ ಗೃಹಿಣಿ

ಪೆರ್ಲದ ಅಣ್ಣನವರಿಗೆ ನಮಸ್ಕಾರ. ನಾಯಿಯನ್ನು ಮೀಯಿಸಿದಿರಿ, ಅದರ ಕುತ್ತಿಗೆಯ ಪಟ್ಟಿಯನ್ನು ಏನು ಮಾಡಿದಿರಿ? ಜಿಡ್ಡು ಕುತ್ತಿಗೆಗೆ ಹತ್ತಿದ್ದರೆ ಪಟ್ಟಿಯ ಒಳಬದಿಯಲ್ಲಿ, ಹೊಲಿಗೆಯ ಎಡೆಗಳಲ್ಲಿ ಅದು ಇದ್ದೇ ಇರುತ್ತದೆ. ಶುಚಿಯಾದ ನಾಯಿಗೆ ಅದನ್ನೇ ತಿರುಗಿ ಕಟ್ಟಿದರೆ ಮಳೆಗೆ ನೆನೆದಾಗ ಘಾಟು ಮತ್ತೆ ಮೈಗೆ ಇಳಿಯುತ್ತದೆ. ಚರ್ಮದ ಪಟ್ಟಿಯಾದರೆ ಬಿಸಾಡುವುದೇ ಒಳ್ಳೆಯದು. ನೈಲಾನಿನದಾದರೆ ಪಾತ್ರೆ ತೊಳೆಯುವ ದ್ರವ ಹಾಕಿದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು ಬ್ರಷ್‌ನಿಂದ ತಿಕ್ಕಬಹುದು. ನಾಯಿ ಮಲಗುವ ಗೋಣಿಚೀಲವನ್ನಂತೂ ತೊಳೆದು ಪ್ರಯೋಜನವಿಲ್ಲ, ಬದಲಾಯಿಸಿಬಿಡಿ.

ಅಂಗಡಿಯ ಶಾಂಪೂಗಳಿಗಿಂತ ನಮ್ಮ ಅಂಟುವಾಳ ಕಾಯಿಯ ನೊರೆ ಎಣ್ಣೆಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ ಎಂಬುದು ನನ್ನ ಅನುಭವ, ಆದರೆ ಅದು ಕಣ್ಣಿಗೆ ಹೋದರೆ ಬಹಳ ಉರಿಯುವುದರಿಂದ ತಲೆಯ ಭಾಗಕ್ಕೆ ಹಾಕಬೇಡಿ. ಸೋಡ ತರುವುದಾದರೆ ನಮ್ಮ ಕಾಸರಗೋಡಿನ ಅಂಗಡಿಯಲ್ಲಿ ಮಲಯಾಳದಲ್ಲಿ ಅಪ್ಪಕ್ಕಾರಂ (ಅಡುಗೆ ಸೋಡ) ಎಂದೇ ಕೇಳಿರಿ; ಅಲಕ್ಕುಕಾರಂ ಎಂದರೆ ಬಟ್ಟೆ ಒಗೆಯುವ ಸೋಡ ಕೊಟ್ಟಾರು, ಅದು ನಾಯಿಯ ಚರ್ಮವನ್ನು ಸುಡುತ್ತದೆ. ಬಿದ್ದ ಹಲಸಿನ ಹಣ್ಣನ್ನು ಸಂಜೆಗೇ ಹೆಕ್ಕಿ, ಕೋಳಿಗೂಡಿನ ಬಾಗಿಲು ಭದ್ರಪಡಿಸಿ, ರಾತ್ರಿ ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೆ ನಮ್ಮಲ್ಲಿ ಈ ತೊಂದರೆ ಬಂದಿಲ್ಲ. ಪುನುಗು ಬೆಕ್ಕು ತೋಟದ ಇಲಿಗಳನ್ನು ತಿನ್ನುವ ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಉರುಳು ಇಡುವ ಯೋಚನೆಯನ್ನು ಯಾರು ಹೇಳಿದರೂ ಮಾಡಬೇಡಿ.