ಇಡೀ ರಾತ್ರಿಯ ಆಟ: ಬೆಳಗಾಗುವಷ್ಟರಲ್ಲಿ ಚೆಂಡೆಯೇ ಬೇರೆ, ಚಿತ್ರವೇ ಬೇರೆ!

ಚೌಕಿಪಕ್ಕದವ:
ನಮ್ಮೂರ ಬಯಲಾಟ ರೆಕಾರ್ಡ್ ಮಾಡುತ್ತೇನೆ. ರಾತ್ರಿ 9ಕ್ಕೆ ಶುರುವಾದರೆ ಬೆಳಗ್ಗೆ 5ರವರೆಗೆ. ರಂಗಸ್ಥಳದ ಎದುರು ಒಂದು ಕ್ಯಾಮೆರಾ, ಭಾಗವತರ ಕಡೆಗೆ ಒಂದು ಮೊಬೈಲು. ಸೌಂಡ್ ಮಾತ್ರ ಮಿಕ್ಸರ್‌ನಿಂದ ಬೇರೆ ರೆಕಾರ್ಡರ್‌ಗೆ. ಕ್ಯಾಮೆರಾ 4 ಜಿಬಿ ಆದ ಕೂಡಲೇ ಹೊಸ ಫೈಲ್ ಮಾಡುತ್ತದೆ. ಅವನ್ನೆಲ್ಲ ಕೈಯಲ್ಲೇ ಜೋಡಿಸಿದರೆ ವಾರ ಹಿಡಿಯುತ್ತದೆ. ಅದಕ್ಕೇ ಎಫ್ಎಫ್ಎಂಪೆಗ್ (ಆಜ್ಞೆ ಕೊಟ್ಟು ವಿಡಿಯೊ, ಸೌಂಡ್ ಕತ್ತರಿಸಿ ಜೋಡಿಸುವ ತಂತ್ರಾಂಶ) ಸ್ಕ್ರಿಪ್ಟ್ ಬರೆದೆ. ಅಂಟಿಸುವುದು ಸಲೀಸಾಯಿತು, ‘ಕಾಪಿ’ ಅನ್ನುವ ಆಜ್ಞೆ ಕೊಟ್ಟರೆ ಮತ್ತೆ ಎನ್‌ಕೋಡ್ ಮಾಡುವ ರಗಳೆಯೂ ಇಲ್ಲ.

ತೊಂದರೆ ಎರಡು. ಪ್ರಸಂಗವನ್ನು ಭಾಗ ಮಾಡಲು ಅದರಲ್ಲೇ ಇರುವ, ಸದ್ದಿಲ್ಲದ ಜಾಗ ಹುಡುಕುವ ಸೈಲೆನ್ಸ್‌ಡಿಟೆಕ್ಟ್ ಹಾಕಿದೆ. ಎಂಟು ಗಂಟೆಯಲ್ಲಿ ಅದಕ್ಕೆ ಸಿಕ್ಕಿದ ಮೌನ ಒಂದೇ, ಕರೆಂಟ್ ಹೋದಾಗಿನದು! ಚೆಂಡೆ ನಿಂತರೂ ಶ್ರುತಿ ನಿಲ್ಲುವುದಿಲ್ಲ ಅಲ್ವಾ. ಇನ್ನೊಂದು, ಶುರುವಿಗೆ ಸರಿಯಿದ್ದ ಸೌಂಡ್ ಬೆಳಗಿನ ಜಾವ ತಪ್ಪುತ್ತದೆ. ಪೆಟ್ಟು ಕೇಳಿದ ಮೇಲೆ ಕೋಲು ಇಳಿಯುತ್ತದೆ.

ತಂತಿಜೋಡಣೆ:
ಎರಡನೆಯದು ನಿಮ್ಮ ತಪ್ಪಲ್ಲ. ಒಂದೊಂದು ಯಂತ್ರದ ಒಳಗೂ ಅದರದೇ ಗಡಿಯಾರ ಇರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ಅಂದರೂ ಎರಡರ ಸೆಕೆಂಡು ಒಂದೇ ಅಲ್ಲ. ಹತ್ತು ಲಕ್ಷದಲ್ಲಿ ಬರೀ 20ರಷ್ಟು ವ್ಯತ್ಯಾಸವಿದ್ದರೂ 8 ಗಂಟೆಗೆ ಅರ್ಧ ಸೆಕೆಂಡು ದಾಟುತ್ತದೆ. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು, ಎರಡು ಕಡೆ ಕ್ಯಾಮೆರಾದ ಸೌಂಡಿಗೆ ರೆಕಾರ್ಡರ್‌ನದ್ದನ್ನು ಹೊಂದಿಸಿ ನೋಡಿ. ಎಷ್ಟು ಜಾರಿದೆಯೋ ಅಷ್ಟನ್ನು ಎಫ್ಎಫ್ಎಂಪೆಗ್‌ನಲ್ಲಿ ಸೌಂಡಿನ ವೇಗ ಬದಲಿಸುವ ಎಟೆಂಪೊದಲ್ಲಿ ಎಳೆಯಿರಿ. ಮೊಬೈಲಿನ ವಿಡಿಯೊವನ್ನು ಮೊದಲೇ ಒಂದೇ ಫ್ರೇಮ್ ರೇಟಿಗೆ (ಸೆಕೆಂಡಿಗೆ ಇಷ್ಟೇ ಚಿತ್ರ ಅಂತ) ತನ್ನಿ. ಅದು ಬೆಳಕು ಕಡಿಮೆಯಾದಾಗ ಫ್ರೇಮ್ ಏರುಪೇರು ಮಾಡುತ್ತದೆ.

ಮದ್ದಳೆಮನೆ:
ಯಾವ ಕ್ಯಾಮೆರಾ ತೋರಿಸಬೇಕು ಅನ್ನುವುದನ್ನು ದಯವಿಟ್ಟು ಸ್ಕ್ರಿಪ್ಟಿಗೆ ಬಿಡಬೇಡಿ. ಮೈಕಿನಲ್ಲಿ ಭಾಗವತರ ದನಿ ಜೋರಾದಾಗ ಅವರನ್ನೇ ತೋರಿಸು ಅಂತ ನಾನು ಬರೆದಿದ್ದೆ. ಪದ್ಯ ಹೇಳುವಾಗ ತಾನೇ ವೇಷ ಕುಣಿಯುವುದು! ಕುಣಿತ ಪೂರಾ ಹೋಯಿತು, ಮನೆಯವರೆಲ್ಲ ಬೈದರು. ಈಗ ಆಟ ನೋಡುತ್ತಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ವೇಷ ಬಂದಾಗ ಒಂದು ಕೀ ಒತ್ತುತ್ತೇನೆ. ಹೊತ್ತು ಒಂದು ಟೆಕ್ಸ್ಟ್ ಫೈಲಿಗೆ ಬೀಳುತ್ತದೆ. ಕತ್ತರಿಸುವುದು ಮಾತ್ರ ಸ್ಕ್ರಿಪ್ಟಿನ ಕೆಲಸ.

ಚೌಕಿಪಕ್ಕದವ:
ಶನಿವಾರದ ಆಟಕ್ಕೆ ಎರಡನ್ನೂ ಮಾಡಿದೆ. ಜಾರಿದ್ದು 0.7 ಸೆಕೆಂಡು. ಎಳೆದ ಮೇಲೆ ಕೋಲೂ ಪೆಟ್ಟೂ ಒಂದೇ ಕಡೆ ಬಿದ್ದವು. ಕೀ ಒತ್ತಿದ್ದೂ ಚೆನ್ನಾಗಿ ಬಂತು, 3 ಗಂಟೆಯವರೆಗೆ. ಆಮೇಲೆ ಫೈಲಿನಲ್ಲಿ ಗುರುತೇ ಇಲ್ಲ. ನಿದ್ದೆ ಬಂದುಬಿಟ್ಟಿತ್ತು. ಉಳಿದದ್ದನ್ನು ಈಗ ಕೈಯಲ್ಲೇ ಕತ್ತರಿಸುತ್ತಿದ್ದೇನೆ.